ಆಲೂಗಡ್ಡೆ ಹೊಲದಲ್ಲಿ ನೀರಿಗೂ ಕಾರ್ಬನ್‌ಗೂ ಒಂದೇ ಲೆಕ್ಕದ ಪುಸ್ತಕ

ಆಲೂಗಡ್ಡೆ ಬೆಳೆಗಾರರ ಜೊತೆ ಹೊಲದಲ್ಲಿ ಓಡಾಡಿ ಬೆಳೆ ಸಲಹೆ ಕೊಡುವುದು ನನ್ನ ಕೆಲಸ. ಕೆಲವು ವರ್ಷಗಳಿಂದ ಅದಕ್ಕೆ ಇನ್ನೊಂದು ಜವಾಬ್ದಾರಿ ಸೇರಿದೆ. ಒಂದು ಟನ್ ಆಲೂಗಡ್ಡೆ ಬೆಳೆಯಲು ಎಷ್ಟು ನೀರು ಹೋಯಿತು, ಎಷ್ಟು ಕಾರ್ಬನ್ ಗಾಳಿಗೆ ಸೇರಿತು ಅಂತ ಲೆಕ್ಕ ಹಿಡಿಯಬೇಕು. ಮುಂದಿನ ಹಂಗಾಮಿನಲ್ಲಿ ಎರಡನ್ನೂ ಇಳಿಸಬೇಕು. ಈ ಕೆಲಸದಲ್ಲಿ ನನಗೆ ಗಟ್ಟಿಯಾಗಿ ಮನಸ್ಸಿಗೆ ಬಂದ ವಿಷಯ ಒಂದೇ. ಆಲೂಗಡ್ಡೆಯಲ್ಲಿ ನೀರಿನ ಲೆಕ್ಕ ಬೇರೆ, ಕಾರ್ಬನ್ ಲೆಕ್ಕ ಬೇರೆ ಅಂತ ಎರಡು ಕಡತ ಮಾಡಿಟ್ಟರೆ ಎರಡೂ ಇಳಿಯುವುದಿಲ್ಲ. ಇವೆರಡನ್ನೂ ಗಂಟು ಹಾಕಿರುವುದು ಸಾರಜನಕ ಗೊಬ್ಬರ.

ಕಾರ್ಬನ್ ಅಂದ ಕೂಡಲೇ ಎಲ್ಲರ ಕಣ್ಣು ಟ್ರ್ಯಾಕ್ಟರಿನ ಹೊಗೆಯ ಕಡೆ ಹೋಗುತ್ತದೆ. ಸಹಜವೇ, ಕಣ್ಣಿಗೆ ಕಾಣುವುದು ಅದೊಂದೇ ಅಲ್ವಾ? ಆಲೂಗಡ್ಡೆಗೆ ಉಳುಮೆಯೂ ಜಾಸ್ತಿ. ಆಳವಾಗಿ ಉಳಬೇಕು, ಸಾಲು ಮಾಡಬೇಕು, ಮಣ್ಣು ಏರಿಸಬೇಕು, ಅಂಗಮಾರಿಗೆ ಮತ್ತೆ ಮತ್ತೆ ಔಷಧಿ ಹೊಡೆಯಬೇಕು, ಕೊನೆಗೆ ಅಗೆಯಬೇಕು. ಒಂದು ಹೆಕ್ಟೇರಿಗೆ 100 ಲೀಟರ್ ಡೀಸೆಲ್ ಸುಟ್ಟಿತು ಅಂತ ಇಟ್ಟುಕೊಳ್ಳೋಣ. ಒಂದು ಲೀಟರ್ ಡೀಸೆಲ್ ಸುಟ್ಟರೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಒಟ್ಟು 270 ಕೆಜಿ ಆಯಿತು.

ಈಗ ಅದೇ ಹೆಕ್ಟೇರಿಗೆ ಹಾಕಿದ ಸಾರಜನಕ ನೋಡಿ. 180 ಕೆಜಿ ಅಂತ ಹಿಡಿಯೋಣ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿ ಪ್ರಕಾರ ಹಾಕಿದ ಸಾರಜನಕದಲ್ಲಿ ಸುಮಾರು ಶೇ. 1ರಷ್ಟು ನೈಟ್ರಸ್ ಆಕ್ಸೈಡ್ ರೂಪದಲ್ಲಿ ಗಾಳಿಗೆ ಹೋಗುತ್ತದೆ. ಅಂದರೆ 1.8 ಕೆಜಿ ಸಾರಜನಕ. ಅನಿಲದ ತೂಕಕ್ಕೆ ಬದಲಾಯಿಸಿದರೆ 2.8 ಕೆಜಿ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಈ ಅನಿಲ ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ 273 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಗುಣಿಸಿದರೆ 770 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮವಾದದ್ದನ್ನೂ ದಾಟುತ್ತದೆ. ಡೀಸೆಲ್‌ನ ಎರಡೂವರೆ ಪಟ್ಟಿಗಿಂತ ಜಾಸ್ತಿ! ಗೊಬ್ಬರ ತಯಾರಿಸುವಾಗ ಕಾರ್ಖಾನೆಯಲ್ಲಿ ಆದದ್ದು ಇದರಲ್ಲಿ ಸೇರಿಲ್ಲ. ಯೂರಿಯಾ ಆದರೆ ಮಣ್ಣಿನಲ್ಲಿ ಕರಗುವಾಗ ಪ್ರತಿ ಕೆಜಿಗೆ ಸುಮಾರು 0.73 ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಅದೂ ಸೇರಿಲ್ಲ.

ಈ ಲೆಕ್ಕವನ್ನು ಹೊಲದ ಬದುವಿನ ಮೇಲೆ ಕೂತು ರೈತರ ಮುಂದೆಯೇ ಹಾಕುತ್ತೇನೆ. ಕಂಪ್ಯೂಟರಿನಿಂದ ಬಂದ ಬಣ್ಣದ ಚಿತ್ರ ತೋರಿಸಿದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಗೊಬ್ಬರದ ಚೀಲ ಎಣಿಸಿ, ಅದರಲ್ಲಿರುವ ಸಾರಜನಕ ಕೂಡಿಸಿ, ಕೈಯಲ್ಲೇ ಗುಣಿಸಿ ತೋರಿಸಿದರೆ ಮಾತು ಅಲ್ಲಿಂದಲೇ ಶುರುವಾಗುತ್ತದೆ.

ಇನ್ನು ನೀರು. "ಎಷ್ಟು ನೀರು ಕೊಡ್ತೀರಾ?" ಅಂತ ಕೇಳಿದರೆ ಉತ್ತರ ಯಾವಾಗಲೂ ಗಂಟೆಯಲ್ಲಿ ಬರುತ್ತದೆ. "ರಾತ್ರಿಯಿಡೀ ಬಿಡ್ತೀವಿ ಸರ್." ಗಂಟೆಯನ್ನು ಲೀಟರ್ ಮಾಡದೆ ಮುಂದೆ ಹೋಗುವಂತಿಲ್ಲ. ಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ 20 ಲೀಟರಿನ ಬಕೆಟ್ ಮತ್ತು ಮೊಬೈಲಿನ ಗಡಿಯಾರ ಸಾಕು. ಬಕೆಟ್ 5 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 14,400 ಲೀಟರ್ ಬರುತ್ತಿದೆ ಅಂತ ಅರ್ಥ. ಪಂಪಿನ ಮೇಲೆ ಬರೆದಿರುವ ಸಂಖ್ಯೆಯನ್ನು ನಂಬಬೇಡಿ. ಅಂತರ್ಜಲ ಕೆಳಗಿಳಿದಂತೆ ಅದೇ ಪಂಪು ಕೊಡುವ ನೀರೂ ಇಳಿಯುತ್ತದೆ. ಹಂಗಾಮಿನ ಮಧ್ಯದಲ್ಲಿ ಇನ್ನೊಮ್ಮೆ ಅಳೆಯುವುದು ಒಳ್ಳೆಯದು.

ಒಂದು ಹೆಕ್ಟೇರಿನ ಮೇಲೆ 1 ಮಿಲಿಮೀಟರ್ ನೀರು ನಿಂತರೆ ಅದು 10,000 ಲೀಟರ್. ಈ ಒಂದು ಸಂಖ್ಯೆ ನೆನಪಿದ್ದರೆ ಎಲ್ಲಾ ಲೆಕ್ಕವೂ ಸುಲಭ. ಮಳೆ ಮಿಲಿಮೀಟರಿನಲ್ಲಿ ಇರುತ್ತದೆ, ಬೆಳೆಯ ಬೇಡಿಕೆಯೂ ಅದರಲ್ಲೇ ಇರುತ್ತದೆ. ಪಂಪಿನ ನೀರನ್ನೂ ಅದಕ್ಕೇ ತಂದರೆ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಈಗ ನಾನು ಹೇಳಹೊರಟ ಗಂಟಿಗೆ ಬರುತ್ತೇನೆ. ಆಲೂಗಡ್ಡೆಯ ಬೇರು ಆಳಕ್ಕೆ ಹೋಗುವುದಿಲ್ಲ. ಹೆಚ್ಚಿನ ಬೇರುಗಳೆಲ್ಲಾ ಮೇಲಿನ 30ರಿಂದ 40 ಸೆಂಟಿಮೀಟರಿನಲ್ಲೇ ಇರುತ್ತವೆ. ಮರಳು ಮಿಶ್ರಿತ ಗೋಡು ಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 120 ಮಿ.ಮೀ. ನೀರನ್ನು ಗಿಡಕ್ಕೆ ಸಿಗುವಂತೆ ಹಿಡಿದಿಡುತ್ತದೆ. 40 ಸೆಂಟಿಮೀಟರಿಗೆ 48 ಮಿ.ಮೀ. ಆಯಿತು. ಅಷ್ಟೂ ಖಾಲಿಯಾಗುವವರೆಗೆ ಆಲೂಗಡ್ಡೆ ತಡೆಯುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಬೆಳೆಗೆ ಕೊಡುವ ಮಿತಿ ಶೇ. 35. ಅಂದರೆ ಸುಮಾರು 17 ಮಿ.ಮೀ. ಖಾಲಿಯಾದಾಗ ನೀರು ಕೊಡಬೇಕು, 17 ಮಿ.ಮೀ. ಮಾತ್ರ ಕೊಡಬೇಕು.

ಮೇಲಿನ ಪಂಪನ್ನೇ ತೆಗೆದುಕೊಳ್ಳಿ. ಅರ್ಧ ಹೆಕ್ಟೇರಿಗೆ 14 ಗಂಟೆ ಬಿಟ್ಟರೆ 40 ಮಿ.ಮೀ. ಆಗುತ್ತದೆ. ಮಣ್ಣಿನಲ್ಲಿ ಜಾಗ ಇದ್ದದ್ದು 17ಕ್ಕೆ. ಉಳಿದ 23 ಮಿ.ಮೀ., ಅಂದರೆ 1,15,000 ಲೀಟರ್ ನೀರು, ಬೇರು ದಾಟಿ ಕೆಳಗೆ ಹೋಯಿತು. ಆ ನೀರನ್ನು 100 ಮೀಟರ್ ಆಳದಿಂದ ಎತ್ತಿದ್ದರೆ, ಪಂಪಿನ ದಕ್ಷತೆ ಶೇ. 50 ಅಂತ ಹಿಡಿದರೆ, 60ಕ್ಕೂ ಹೆಚ್ಚು ಯೂನಿಟ್ ಕರೆಂಟು ಹೋಗಿದೆ. ಇದು ಒಂದು ಸಲದ ನೀರಿಗೆ, ಅರ್ಧ ಹೆಕ್ಟೇರಿಗೆ.

ಹೋಗುವಾಗ ಆ ನೀರು ಒಂಟಿಯಾಗಿ ಹೋಗುವುದಿಲ್ಲ. ನೈಟ್ರೇಟ್ ನೀರಿನಲ್ಲಿ ಪೂರ್ತಿ ಕರಗುತ್ತದೆ. ಮಣ್ಣಿನ ಕಣಗಳು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ನೀರಿನ ಜೊತೆ ಗೊಬ್ಬರವೂ ಕೆಳಗಿಳಿದು ಅಂತರ್ಜಲ ಸೇರುತ್ತದೆ. ಮೇಲೆ ಉಳಿದ ನೈಟ್ರೇಟಿಗೆ ಇನ್ನೊಂದು ಗತಿ. ಮಣ್ಣಿನ ರಂಧ್ರಗಳಲ್ಲೆಲ್ಲಾ ನೀರು ತುಂಬಿದಾಗ ಗಾಳಿ ಆಡುವುದಿಲ್ಲ. ಆಗ ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಬೇಕಾದ ಆಮ್ಲಜನಕವನ್ನು ನೈಟ್ರೇಟಿನಿಂದಲೇ ಕಿತ್ತುಕೊಳ್ಳುತ್ತವೆ. ಆ ಕೆಲಸದ ನಡುವೆ ಹೊರಬೀಳುವುದೇ ನೈಟ್ರಸ್ ಆಕ್ಸೈಡ್. ಟ್ರ್ಯಾಕ್ಟರ್ ಚಕ್ರ ಓಡಾಡಿ ಗಟ್ಟಿಯಾದ ಸಾಲುಗಳಲ್ಲಿ ಇದು ಇನ್ನೂ ಜೋರು, ಅಲ್ಲಿ ನೀರು ಬೇಗ ನಿಲ್ಲುತ್ತದೆ.

ಆಮೇಲೆ ಎಲೆ ಹಳದಿಯಾಗುತ್ತದೆ. ಗೊಬ್ಬರ ಸಾಲಲಿಲ್ಲ ಅಂತ ಇನ್ನೊಂದು ಚೀಲ ಯೂರಿಯಾ ಬೀಳುತ್ತದೆ. ನೀರಿನ ಸಮಸ್ಯೆಗೆ ಗೊಬ್ಬರದಲ್ಲಿ ಉತ್ತರ ಹುಡುಕಿದ ಹಾಗಾಯಿತು. ಕಾರ್ಬನ್ ಲೆಕ್ಕ ಮಾತ್ರ ಇಟ್ಟವರಿಗೆ ಯೂರಿಯಾ ಜಾಸ್ತಿಯಾಗಿದ್ದು ಕಾಣುತ್ತದೆ, ಯಾಕೆ ಅನ್ನುವುದು ಕಾಣುವುದಿಲ್ಲ. ನೀರಿನ ಲೆಕ್ಕ ಮಾತ್ರ ಇಟ್ಟವರಿಗೆ ಗೊಬ್ಬರ ಹೋಗಿದ್ದು ಕಾಣುವುದಿಲ್ಲ. ಅದಕ್ಕೇ ಈಗ ನಮ್ಮ ಹೊಲದ ಪುಸ್ತಕದಲ್ಲಿ ಒಂದೇ ಪುಟ. ತಾರೀಕು, ಮಳೆ, ಕೊಟ್ಟ ನೀರು, ಹಾಕಿದ ಸಾರಜನಕ ಎಲ್ಲವೂ ಒಂದೇ ಸಾಲಿನಲ್ಲಿ ಬರುತ್ತವೆ. ಜೋರು ಮಳೆಯ ಹಿಂದಿನ ದಿನ ಮೇಲುಗೊಬ್ಬರ ಬಿದ್ದಿದ್ದರೆ ಆ ಸಾಲೇ ಹೇಳಿಬಿಡುತ್ತದೆ.

ಕಡಿಮೆ ಮಾಡುವ ವಿಷಯಕ್ಕೆ ಬಂದರೆ, ಎಲ್ಲಾ ಹಂತದಲ್ಲೂ ಒಂದೇ ಸಮ ನೀರು ಕಡಿತ ಮಾಡಿ ಅನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಗಡ್ಡೆ ಕಟ್ಟುವ ಹಂತದಲ್ಲಿ ಮಣ್ಣು ಒಣಗಿದರೆ ಗಡ್ಡೆಗಳ ಸಂಖ್ಯೆ ಕಡಿಮೆಯಾಗುತ್ತದೆ, ಕಜ್ಜಿ ರೋಗವೂ ಜಾಸ್ತಿ. ಗಡ್ಡೆ ದಪ್ಪವಾಗುವಾಗ ಒಮ್ಮೆ ಒಣಗಿಸಿ ಒಮ್ಮೆ ತುಂಬಿಸಿದರೆ ಸೀಳು, ಒಳಟೊಳ್ಳು, ವಕ್ರ ಗಡ್ಡೆ. ಅಲ್ಲಿ ಕೈ ಬಿಗಿ ಹಿಡಿಯುವುದು ಉಳಿತಾಯವಲ್ಲ. ಉಳಿತಾಯ ಇರುವುದು ಮೊದಲ ವಾರಗಳಲ್ಲಿ ಮತ್ತು ಕೊನೆಯ ವಾರಗಳಲ್ಲಿ. ಒಂದೇ ಬಿಸಿಲಿಗೆ ಮೊಳಕೆ ಹಂತದ ಬೆಳೆ ಕುಡಿಯುವುದು ಎಲೆ ಪೂರ್ತಿ ಹರಡಿದ ಬೆಳೆಯ ಅರ್ಧಕ್ಕಿಂತ ಕಡಿಮೆ. ಆದರೂ ಶುರುವಿನಿಂದಲೂ ಅದೇ ಗಂಟೆ ಲೆಕ್ಕದಲ್ಲಿ ನೀರು ಹೋಗುತ್ತಿರುತ್ತದೆ. ಸೊಪ್ಪು ಒಣಗಲು ಶುರುವಾದ ಮೇಲೂ ಅಭ್ಯಾಸಕ್ಕೆ ನೀರು ಬಿಡುವುದುಂಟು. ಆಗ ಗಡ್ಡೆ ಕೊಳೆಯುವ ಅಪಾಯವೇ ಜಾಸ್ತಿ.

ಯಾವಾಗ ಕೊಡಬೇಕು ಅನ್ನುವುದಕ್ಕೆ ಟೆನ್ಸಿಯೋಮೀಟರ್ ನನಗೆ ಇಷ್ಟ. ಮಣ್ಣು ಎಷ್ಟು ಒಣಗಿದೆ ಅಂತ ಮುಳ್ಳಿನಲ್ಲಿ ತೋರಿಸುವ ಸಾಧನ ಅದು, ಅಂಕಿ ಏರಿದಷ್ಟೂ ಮಣ್ಣು ಒಣಗಿದೆ ಅಂತ ಅರ್ಥ. ಬೇರಿನ ಆಳಕ್ಕೆ ಒಂದು, ಅದರ ಕೆಳಗೆ ಇನ್ನೊಂದು. ಹಗುರ ಮಣ್ಣಿನಲ್ಲಿ ಮೇಲಿನ ಮುಳ್ಳು 25ರಿಂದ 30 ಸೆಂಟಿಬಾರ್ ಹತ್ತಿರ ಬಂದಾಗ ನೀರು. ಜಿಗುಟು ಮಣ್ಣಾದರೆ ಇನ್ನಷ್ಟು ಕಾಯಬಹುದು. ಆದರೆ ನನ್ನ ಮಟ್ಟಿಗೆ ಹೆಚ್ಚು ಮಾತಾಡುವುದು ಕೆಳಗಿನ ಮುಳ್ಳು. ಪ್ರತಿ ನೀರಿನ ಮಾರನೇ ದಿನ ಅದು ಸೊನ್ನೆಯ ಕಡೆ ಬಿದ್ದರೆ ನೀರು ಬೇರು ದಾಟಿ ಹೋಗುತ್ತಿದೆ ಅಂತಲೇ ಅರ್ಥ. ರೈತರು ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಸಾಕು, ಗಂಟೆ ತಾವಾಗಿಯೇ ಇಳಿಸುತ್ತಾರೆ.

ತುಂತುರು ನೀರಾವರಿ ಇರುವ ಕಡೆ ಇನ್ನೊಂದು ಪರೀಕ್ಷೆ ಮಾಡಲೇಬೇಕು. ಒಂದೇ ಅಳತೆಯ ಖಾಲಿ ಡಬ್ಬಿಗಳನ್ನು ಹೊಲದಲ್ಲಿ ಸಾಲಾಗಿ ಇಟ್ಟು, ಒಂದು ಗಂಟೆ ನೀರು ಬಿಟ್ಟು, ಪ್ರತಿಯೊಂದರಲ್ಲಿ ಎಷ್ಟು ಬಿತ್ತು ನೋಡಿ. ಒತ್ತಡ ಕಡಿಮೆಯಿದ್ದರೆ, ನಳಿಕೆ ಸವೆದಿದ್ದರೆ, ಗಾಳಿ ಬೀಸುತ್ತಿದ್ದರೆ ವ್ಯತ್ಯಾಸ ದೊಡ್ಡದಿರುತ್ತದೆ. ಯಾರೇ ಆದರೂ ಒಣಗಿದ ಮೂಲೆ ನೆನೆಯುವವರೆಗೆ ನೀರು ಬಿಡುತ್ತಾರೆ. ಆ ಮೂಲೆಗಾಗಿ ಉಳಿದ ಹೊಲವೆಲ್ಲಾ ಜಾಸ್ತಿ ಕುಡಿಯುತ್ತದೆ. ಸವೆದ ನಳಿಕೆ ಬದಲಿಸುವುದು ಸಣ್ಣ ಕೆಲಸ. ಅದಕ್ಕೂ ಮೊದಲು ದೊಡ್ಡ ಉಪಕರಣ ಕೊಳ್ಳುವ ಮಾತು ಬೇಡ.

ಸಾರಜನಕ ಕಡಿಮೆ ಮಾಡಿ ಅಂದರೆ ಯಾರಿಗಾದರೂ ಭಯವೇ. ಇಳುವರಿ ಹೋದರೆ ಮನೆಗೆ ಹೊಡೆತ. ಹಾಗಾಗಿ ಇಡೀ ಹೊಲಕ್ಕೆ ಕಡಿಮೆ ಮಾಡಿ ಅಂತ ನಾನು ಹೇಳುವುದಿಲ್ಲ. ಕೆಲವು ಸಾಲುಗಳಿಗೆ ಮಾತ್ರ ಕಾಲು ಭಾಗ ಕಡಿಮೆ ಹಾಕಿ, ಗೂಟ ನೆಟ್ಟು ಗುರುತು ಮಾಡಿ, ಅಗೆಯುವಾಗ ಪಕ್ಕದ ಸಾಲಿನ ಜೊತೆ ತೂಗಿ ನೋಡುತ್ತೇವೆ. ಕೊಟ್ಟಿಗೆ ಗೊಬ್ಬರ, ಕೋಳಿ ಗೊಬ್ಬರ ಹಾಕಿದ ಹೊಲದಲ್ಲಿ ಅದರ ಸಾರಜನಕವನ್ನು ಲೆಕ್ಕದಿಂದ ಕಳೆಯದೆ ಚೀಲದ ಗೊಬ್ಬರವನ್ನೂ ಪೂರ್ತಿ ಹಾಕಿರುತ್ತಾರೆ. ಕಡಿಮೆ ಹಾಕಿದ ಸಾಲು ಅಲ್ಲಿ ಚೆನ್ನಾಗಿ ನಿಲ್ಲುತ್ತದೆ. ಕೊನೆಯ ಹಂತದಲ್ಲಿ ಸಾರಜನಕ ಜಾಸ್ತಿಯಾದರೆ ಸೊಪ್ಪು ಬೆಳೆಯುತ್ತಲೇ ಇರುತ್ತದೆ, ಗಡ್ಡೆಯ ಸಿಪ್ಪೆ ಗಟ್ಟಿಯಾಗುವುದಿಲ್ಲ, ಅಗೆಯುವಾಗ ಸುಲಿಯುತ್ತದೆ. ಸುಲಿದ ಗಡ್ಡೆ ದಾಸ್ತಾನಿನಲ್ಲಿ ಬಾಳುವುದಿಲ್ಲ.

ಇಲ್ಲೇ ಲೆಕ್ಕದ ಇನ್ನೊಂದು ಮುಖ್ಯ ಭಾಗ ಇದೆ. ಭಾಗಿಸುವುದು ಯಾವುದರಿಂದ? ಹೆಕ್ಟೇರಿನಿಂದಲೋ, ಅಗೆದ ಟನ್ನಿನಿಂದಲೋ, ಮಾರಿದ ಟನ್ನಿನಿಂದಲೋ? 30 ಟನ್ ಅಗೆದು ಅದರಲ್ಲಿ 6 ಟನ್ ಹಸಿರಾಗಿದೆ, ಕೊಳೆತಿದೆ, ಕತ್ತರಿಸಿದೆ ಅಂತ ಎಸೆದರೆ, ಉಳಿದ 24 ಟನ್ ಆ ಎಸೆದದ್ದರ ನೀರು, ಗೊಬ್ಬರ, ಡೀಸೆಲ್ ಎಲ್ಲವನ್ನೂ ಹೊರಬೇಕು. ಪ್ರತಿ ಟನ್ನಿನ ಕಾರ್ಬನ್ ಶೇ. 25 ಏರುತ್ತದೆ. ಮಣ್ಣು ಸರಿಯಾಗಿ ಏರಿಸಿ ಗಡ್ಡೆಗೆ ಬಿಸಿಲು ಬೀಳದಂತೆ ಮಾಡುವುದೂ ಕಾರ್ಬನ್ ಕೆಲಸವೇ. ನಾನು ಮಾರಿದ ಟನ್ನಿನಿಂದಲೇ ಭಾಗಿಸುತ್ತೇನೆ, ಹೆಕ್ಟೇರಿನ ಲೆಕ್ಕವನ್ನೂ ಪಕ್ಕದಲ್ಲಿ ಇಡುತ್ತೇನೆ. ಒಂದು ಇಳಿದು ಇನ್ನೊಂದು ಏರಿದರೆ ಕೂತು ಯೋಚಿಸಬೇಕು.

ದಾಸ್ತಾನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೋಲ್ಡ್ ಸ್ಟೋರೇಜಿನ ಕರೆಂಟು ಬಿಲ್ಲನ್ನು ಎಲ್ಲರೂ ನೋಡುತ್ತಾರೆ. ತಂಪು ಮಾಡುವ ಅನಿಲ ಎಷ್ಟು ತುಂಬಿಸಿದರು ಅನ್ನುವುದನ್ನು ಯಾರೂ ಕೇಳುವುದಿಲ್ಲ. ಆರ್-404ಎ ಅನ್ನುವ ಅನಿಲ ಒಂದು ಕೆಜಿ ಸೋರಿದರೆ ಅದು ಸುಮಾರು 3,900 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ. 1,400 ಲೀಟರಿಗಿಂತ ಜಾಸ್ತಿ ಡೀಸೆಲ್ ಸುಟ್ಟಷ್ಟು. ರಿಪೇರಿ ರಸೀದಿಯಲ್ಲಿ ಅನಿಲದ ಹೆಸರು, ತೂಕ ಬರೆಸಿಕೊಳ್ಳಿ. ಅಮೋನಿಯಾ ಬಳಸುವ ಕಡೆ ಈ ಲೆಕ್ಕ ಬರುವುದಿಲ್ಲ. ಅಲ್ಲಿ ಸೋರಿಕೆಯ ಚಿಂತೆ ಜೀವದ ಸುರಕ್ಷತೆಯದ್ದು.

ಲೆಕ್ಕದ ಸಾಧನಗಳ ಬಗ್ಗೆ ಹೊಸಬರಿಗೆ ಒಂದು ಎಚ್ಚರಿಕೆ. ಹೊಲದ ಕಾರ್ಬನ್ ಲೆಕ್ಕ ಹಾಕಿಕೊಡುವ ಕೂಲ್ ಫಾರ್ಮ್ ಟೂಲ್‌ನಂಥ ಕಂಪ್ಯೂಟರ್ ಸಾಧನಗಳು ಒಳ್ಳೆಯವೇ. ಆದರೆ ಕೊನೆಗೆ ಬರುವ ಸಂಖ್ಯೆ ನೀವು ತುಂಬಿದ ಮಾಹಿತಿಯಷ್ಟೇ ಗಟ್ಟಿ. ಮೇಲೆ ಹೇಳಿದ ಆ ಶೇ. 1 ಕೂಡ ಸರಾಸರಿ. ಐಪಿಸಿಸಿ 2019ರಲ್ಲಿ ಅದನ್ನು ತಿದ್ದಿ, ರಾಸಾಯನಿಕ ಗೊಬ್ಬರಕ್ಕೆ ತೇವದ ಹವೆಯಲ್ಲಿ ಶೇ. 1.6, ಒಣ ಹವೆಯಲ್ಲಿ ಶೇ. 0.5 ಅಂತ ಹೇಳಿತು. ಮೂರು ಪಟ್ಟು ವ್ಯತ್ಯಾಸ! ಬಿಸಿ ಹಿಡಿಯುವ ಗುಣಕವೂ ವರದಿಯಿಂದ ವರದಿಗೆ 298, 265, 273 ಅಂತ ಬದಲಾಗಿದೆ. ಸಾಧನದ ಹೊಸ ಆವೃತ್ತಿ ಬಂದ ವರ್ಷ ಹೊಲದಲ್ಲಿ ಏನೂ ಬದಲಾಗದೆ ಸಂಖ್ಯೆ ಇಳಿದಿರಬಹುದು. ಅದನ್ನು ಸಾಧನೆ ಅಂತ ವರದಿಯಲ್ಲಿ ಬರೆಯಬಾರದು. ಹಳೆಯ ವರ್ಷಗಳನ್ನೂ ಅದೇ ಆವೃತ್ತಿಯಲ್ಲಿ ಮತ್ತೆ ಹಾಕಿ ಆಮೇಲೆ ಹೋಲಿಸಬೇಕು.

ನೀರಿನಲ್ಲೂ ಹೀಗೆಯೇ. ಒಂದು ಕೆಜಿ ಆಲೂಗಡ್ಡೆಗೆ ಜಾಗತಿಕ ಸರಾಸರಿ ಸುಮಾರು 287 ಲೀಟರ್ ಅನ್ನುವ ಅಂಕಿ ಓಡಾಡುತ್ತದೆ. ಅದರಲ್ಲಿ 191 ಲೀಟರ್ ಮಳೆ ನೀರು, 33 ಲೀಟರ್ ನೀರಾವರಿಯದ್ದು, 63 ಲೀಟರ್ ಮಾಲಿನ್ಯ ತಿಳಿಯಾಗಿಸಲು ಬೇಕಾಗುವ ನೀರಿನ ಅಂದಾಜು. ಮೂರನ್ನೂ ಕೂಡಿಸಿದ ಅಂಕಿಯಿಂದ ನಿಮ್ಮ ಹೊಲದ ಬಗ್ಗೆ ಏನೂ ತಿಳಿಯುವುದಿಲ್ಲ. ಅಂತರ್ಜಲ ಬತ್ತುತ್ತಿರುವ ಕಡೆ ಎತ್ತುವ 33 ಲೀಟರ್, ಸಮೃದ್ಧ ಮಳೆಯ 191 ಲೀಟರಿಗಿಂತ ಭಾರ.

ಮಣ್ಣಿನಲ್ಲಿ ಕಾರ್ಬನ್ ಕೂಡಿಡುತ್ತೇವೆ ಅನ್ನುವ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ. ಆಲೂಗಡ್ಡೆಯ ವರ್ಷ ಮಣ್ಣನ್ನು ಪೂರ್ತಿ ತಿರುವಿ ಹಾಕಿರುತ್ತೇವೆ. ಆ ಒಂದು ವರ್ಷಕ್ಕೆ ಅಂಥ ಲಾಭ ಬರೆದುಕೊಳ್ಳುವುದು ಸರಿ ಅಂತ ನನಗೆ ಅನ್ನಿಸುವುದಿಲ್ಲ. ಬೆಳೆ ಬದಲಾವಣೆಯ ಪೂರ್ತಿ ಸುತ್ತು ನೋಡಬೇಕು. ಅಗೆದ ಕೂಡಲೇ ಒಂದು ಹಸಿರು ಹೊದಿಕೆ ಬೆಳೆ ಬಿತ್ತಿದರೆ, ಮಣ್ಣಿನಲ್ಲಿ ಉಳಿದ ನೈಟ್ರೇಟನ್ನು ಅದು ಹಿಡಿದುಕೊಳ್ಳುತ್ತದೆ, ಬೇರು, ಕಸ ಎರಡೂ ಮಣ್ಣಿಗೆ ಸೇರುತ್ತವೆ. ಅದನ್ನು ಮಾತ್ರ ನಾನು ಎಲ್ಲರಿಗೂ ಧೈರ್ಯವಾಗಿ ಹೇಳುತ್ತೇನೆ.

ಕೊನೆಯದಾಗಿ, ಇದರ ಭಾರ ಯಾರ ಮೇಲೆ ಅನ್ನುವ ಪ್ರಶ್ನೆ. ಕಡಿಮೆ ಕಾರ್ಬನ್ನಿನ ಆಲೂಗಡ್ಡೆ ಬೇಕು ಅನ್ನುವವರು ಕೊಳ್ಳುವವರು. ಗೊಬ್ಬರ ಇಳಿಸಿ ಇಳುವರಿ ಹೋದರೆ ಕಳೆದುಕೊಳ್ಳುವವರು ಬೆಳೆಯುವವರು. ಇದು ನ್ಯಾಯವಲ್ಲ. ನಮ್ಮ ತಂಡದಲ್ಲಿ ನಾನು ಪಟ್ಟು ಹಿಡಿದು ಕೇಳಿದ್ದು ಇದನ್ನೇ. ಪರೀಕ್ಷೆಯ ಸಾಲುಗಳಲ್ಲಿ ತೂಕ ಕಡಿಮೆ ಬಂದರೆ ಆ ನಷ್ಟ ನಾವು ತುಂಬಿಕೊಡಬೇಕು. ಹೊಲದ ಲೆಕ್ಕ ಮೊದಲು ರೈತರ ಕೈಗೆ ಹೋಗಬೇಕು, ಆಮೇಲೆ ನಮ್ಮ ವರದಿಗೆ. ಈಗ ಹಾಗೆಯೇ ನಡೆಯುತ್ತಿದೆ. ತೂಕ ಹಾಕುವ ದಿನ ಪಕ್ಕದ ಹೊಲದವರೂ ಬಂದು ನಿಲ್ಲುತ್ತಾರೆ, ಮುಂದಿನ ಹಂಗಾಮಿಗೆ ತಮ್ಮಲ್ಲೂ ನಾಲ್ಕು ಸಾಲಿಗೆ ಗೂಟ ನೆಡಿ ಅನ್ನುತ್ತಾರೆ.