ಹೊರಡೋ ಮುಂಚೇನೇ ಸಾಲ
ಬಡವರು ಪರದೇಶಕ್ಕೆ ದುಡಿಯೋಕೆ ಹೋದ್ರೆ ನಮಗೆ ಕಾಣೋದು ಅವರು ಮನೆಗೆ ಕಳಿಸೋ ದುಡ್ಡು ಮಾತ್ರ, ಆದ್ರೆ ಎಷ್ಟೋ ಜನ ಹೊರಡೋ ಮುಂಚೇನೇ ಏಜೆಂಟ್‌ಗೆ ಕೊಡೋಕೆ ಅಂತ ಬಡ್ಡಿಗೆ ಸಾಲ ಮಾಡಿರ್ತಾರಲ್ಲ, ಸಿಕ್ಕಿಹಾಕ್ಕೊಳ್ಳೋದು ಅಲ್ಲೇ. ಅಲ್ಲಿ ಇಳಿದ್ಮೇಲೆ ಹೇಳಿದ್ದ ಸಂಬಳ ಬೇರೆ, ಕೊಡೋದು ಬೇರೆ, ಪಾಸ್‌ಪೋರ್ಟ್ ಮಾಲೀಕನ ಬೀರುವಲ್ಲಿ. ಗಲ್ಫ್‌ನ ಕಫಾಲಾ ಪದ್ಧತೀಲಂತೂ ವೀಸಾನೇ ಮಾಲೀಕನಿಗೆ ಕಟ್ಟಿರುತ್ತೆ, ಹಿಂಸೆ ತಾಳಲಾರದೆ ಓಡಿಹೋದ ಮನೆಗೆಲಸದ ಹೆಂಗಸೇ ಕಾನೂನಿನ ಮುಂದೆ ತಪ್ಪಿತಸ್ಥೆ ಆಗ್ಬಿಡ್ತಾಳೆ, ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ. ಕತಾರ್ 2020ರಲ್ಲಿ ಮಾಲೀಕನ ಒಪ್ಪಿಗೆ ಇಲ್ದೇನೂ ಕೆಲಸ ಬದಲಾಯಿಸಬಹುದು ಅಂತ ಕಾನೂನು ತಿದ್ದಿತು, ಒಳ್ಳೇದೇ, ಆದ್ರೆ ಸಾಲ ಹಾಗೇ ಇರುತ್ತಲ್ಲ! ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಕೊಟ್ಟ ಅಂದಾಜಲ್ಲಿ ಜಗತ್ತಿನ 2.76 ಕೋಟಿ ಜನ ಬಲವಂತದ ದುಡಿಮೇಲಿದ್ದಾರೆ. ಏಜೆಂಟ್ ಫೀಸು ಕಟ್ಟಬೇಕಾದ್ದು ಕೆಲಸ ಕೊಡೋನು, ಕೆಲಸಗಾರನಲ್ಲ ಅಂತ ಅದೇ ಸಂಸ್ಥೆ ಹೇಳುತ್ತೆ, ಸರ್ಕಾರಗಳು ಮೊದಲು ಇದೊಂದನ್ನ ಜಾರಿಗೆ ತರಲಿ.