ಓಡಿಸುವ ಮೊದಲು ನಿಲ್ಲಿಸುವುದನ್ನು ಕಲಿಸಿದ ವಾಲಿ ಪಾರ್ಕ್ಸ್

ಹಳೇ ಫಿಯೆಟ್‌ಗೆ ದೊಡ್ಡ ಎಂಜಿನ್ ಕೂರಿಸುವ ಆಸೆ ಇರುವ ಪ್ರತಿಯೊಬ್ಬರಿಗೂ ವಾಲಿ ಪಾರ್ಕ್ಸ್ ಹೆಸರು ಗೊತ್ತಿರಬೇಕು. ‘ಹಾಟ್ ರಾಡ್’ (ವೇಗಕ್ಕಾಗಿ ಮಾರ್ಪಡಿಸಿದ ಹಳೇ ಕಾರು) ಎಂಬ ಪತ್ರಿಕೆಯನ್ನು ವರ್ಷಗಟ್ಟಲೆ ಸಂಪಾದಿಸಿದ ಈ ಅಮೆರಿಕನ್ 1913ರಲ್ಲಿ ಹುಟ್ಟಿ, 2007ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಅವರ ಕಾಲದ ಕ್ಯಾಲಿಫೋರ್ನಿಯಾದ ಹುಡುಗರು ಹಳೇ ಫೋರ್ಡ್‌ಗಳ ಮಡ್‌ಗಾರ್ಡ್ ಬಿಚ್ಚಿ, ಎಂಜಿನ್‌ನ ಶಕ್ತಿ ಹೆಚ್ಚಿಸಿ, ಮುರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಅದೇ ಪಂದ್ಯ ಊರಿನ ಬೀದಿಗೂ ಬಂದು ಜನ ಸಾಯತೊಡಗಿದಾಗ ಪೊಲೀಸರು, ಪತ್ರಿಕೆಗಳು ಎಲ್ಲರೂ ತಿರುಗಿಬಿದ್ದರು. ಪಾರ್ಕ್ಸ್ ಆ ಹುಡುಗರನ್ನು ಬೈಯಲಿಲ್ಲ. ಬೀದಿ ಬಿಟ್ಟು ಪಂದ್ಯಕ್ಕೆಂದೇ ಮಾಡಿದ ಓಟದ ಪಟ್ಟಿಗೆ ಬನ್ನಿ, ಗಾಡಿ ತಪಾಸಣೆ ಮಾಡಿಸಿ, ಆಮೇಲೆ ಎಷ್ಟು ಬೇಕಾದರೂ ಓಡಿಸಿ ಎಂಬುದು ಅವರ ನಿಲುವು. 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. 1954ರಲ್ಲಿ ಆ ಸಂಸ್ಥೆಯ ನಾಲ್ವರು ಒಂದು ಸ್ಟೇಷನ್ ವ್ಯಾಗನ್, ಒಂದು ಟ್ರೇಲರ್ ಜೊತೆ ಊರೂರು ಸುತ್ತಿ, ಓಟದ ಪಟ್ಟಿ ಸಿದ್ಧಪಡಿಸುವುದು ಹೇಗೆ, ಕಾರು ಪರೀಕ್ಷಿಸುವುದು ಹೇಗೆ ಎಂದು ತೋರಿಸಿಕೊಟ್ಟರು. ಪಾರ್ಕ್ಸ್ ಅವರ ಅತಿ ದೊಡ್ಡ ಕೊಡುಗೆ ಈ ತಪಾಸಣೆಯೇ ಎಂದು ನನ್ನ ಖಚಿತ ಅಭಿಪ್ರಾಯ.

ಮಾಟುಂಗ, ಮುಲುಂಡ್, ಡೊಂಬಿವಲಿಯ ಕನ್ನಡಿಗರ ಮನೆಗಳಲ್ಲಿ ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ, ಅಂದರೆ ನಮ್ಮ ಹಳೇ ಫಿಯೆಟ್, ಇನ್ನೂ ಅಲ್ಲಲ್ಲಿ ಉಳಿದಿದೆ. 1089 ಸಿಸಿ ಎಂಜಿನ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಹಳೆಯವುಗಳಲ್ಲಿ ಬ್ರೇಕ್ ಆಯಿಲ್ ದಾರಿ ಒಂದೇ. ಒಂದು ಹೋಸ್ (ಆಯಿಲ್ ಸಾಗಿಸುವ ರಬ್ಬರ್ ಕೊಳವೆ) ಒಡೆದರೆ ನಾಲ್ಕೂ ಬ್ರೇಕ್ ಹೋದಂತೆ. ವೇಗ 60ರಿಂದ 80ಕ್ಕೆ ಏರಿದರೆ ಡ್ರಮ್‌ಗಳು ನುಂಗಬೇಕಾದ ಶಕ್ತಿ ಸುಮಾರು ಮುಕ್ಕಾಲು ಪಟ್ಟು ಹೆಚ್ಚುತ್ತದೆ. ಹಾಗಾಗಿ ಎಂಜಿನ್ ಮಾತು ಆಮೇಲೆ.

ಮುಂದಿನ ಚಕ್ರದಿಂದ ಶುರು ಮಾಡಿ. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರದ ಮೇಲ್ತುದಿ ಕೆಳತುದಿ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲುಗಾಟ) ಸಿಕ್ಕರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಈಗ ಆಟ ಹೋದರೆ ದೋಷ ಬೇರಿಂಗ್‌ನದು. ಹಾಗೇ ಉಳಿದರೆ ಚಕ್ರ ಎಡಬಲಕ್ಕೆ ಹೊರಳಲು ಆಧಾರವಾಗುವ ಕಿಂಗ್‌ಪಿನ್ ಮತ್ತು ಅದರ ಬುಷ್ ಸವೆದಿವೆ.

ಡ್ರಮ್ ತೆಗೆದ ಮೇಲೆ ವೀಲ್ ಸಿಲಿಂಡರಿನ (ಆಯಿಲ್ ಒತ್ತಡದಿಂದ ಬ್ರೇಕ್ ಶೂ ತಳ್ಳುವ ಭಾಗ) ರಬ್ಬರ್ ಟೋಪಿಯ ಅಂಚನ್ನು ಮೆಲ್ಲಗೆ ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಸಿಲಿಂಡರ್ ಬಿಚ್ಚಲೇಬೇಕು. ಒಳಗೋಡೆಯ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿ ಬಿದ್ದಿದ್ದರೆ ಹೊಸ ವಾಷರ್ ಕಿಟ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರನ್ನೇ ಬದಲಿಸಿ. ಈ ಗುಳಿಗೆ ಮುಂಬೈ ಹವೆಯೇ ಕಾರಣ: ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಮಳೆಗಾಲವಿಡೀ ನಿಂತ ಕಾರಿನಲ್ಲಿ ಆ ತೇವ ಸಿಲಿಂಡರಿಗೆ ತುಕ್ಕು ಹಿಡಿಸುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಗೆ ಕುದಿಯಬೇಕು. ತೇವ ಹೀರಿದ್ದು 140ಕ್ಕೇ ಕುದಿಯಬಹುದು. ಕುದ್ದು ಗುಳ್ಳೆ ಎದ್ದರೆ ಪೆಡಲ್ ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ರಬ್ಬರ್ ಭಾಗಗಳಿಗೆ ಪೆಟ್ರೋಲ್ ತಾಗಿಸಲೇಬೇಡಿ, ಊದಿಕೊಳ್ಳುತ್ತವೆ. ಕುರ್ಲಾದಲ್ಲಿ ಹಳೇ ಸ್ಟಾಕಿನ ಕಿಟ್ ಸಿಕ್ಕರೆ ರಬ್ಬರನ್ನು ಬಾಗಿಸಿ ನೋಡಿಯೇ ಕೊಳ್ಳಿ. ಗಟ್ಟಿಯಾಗಿದ್ದರೆ, ಬಿರುಕಿದ್ದರೆ ಬೇಡ.

ಕಾಲು ತೆಗೆದ ಮೇಲೂ ಮುಂದಿನ ಒಂದೇ ಚಕ್ರ ಹಿಡಿದುಕೊಂಡಿದೆಯೇ? ಅದರ ಬ್ಲೀಡರ್ ನಿಪ್ಪಲ್ (ಆಯಿಲ್, ಗಾಳಿ ಹೊರಬಿಡುವ ತಿರುಪು) ಸಡಿಲಿಸಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಆ ಹೋಸ್ ಒಳಗೇ ಊದಿ ಮುಚ್ಚಿದೆ. ನಾಲ್ಕೂ ಹಿಡಿಯುತ್ತಿದ್ದರೆ ಪೆಡಲಿನ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮುಂಚಿನ ಸಡಿಲ ಚಲನೆ) ಮತ್ತು ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ನೋಡಿ. ಬ್ರೇಕ್ ಆಯಿಲ್‌ನಲ್ಲಿ ಸೇರಿದ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಎಡ ಚಕ್ರ ಮೊದಲು, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಹೊರಬಂದ ಆಯಿಲ್ ಮತ್ತೆ ಸುರಿಯಬೇಡಿ.

ಎಂಜಿನ್ ಬದಲಿಸುವವರು ಕಾನೂನನ್ನೂ ಗಮನಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡಿಗೆ ಕಟ್ಟುನಿಟ್ಟು. 2021ರ ನಿಯಮದಂತೆ 50 ವರ್ಷ ದಾಟಿದ ಕಾರಿಗೆ ವಿಂಟೇಜ್ ನೋಂದಣಿ ಬೇಕಾದರೆ ಅದು ಮೂಲ ರೂಪದಲ್ಲೇ ಇರಬೇಕು. ಒಳ್ಳೆಯ ಮೂಲ ಪದ್ಮಿನಿ ಕೈಯಲ್ಲಿದ್ದರೆ ದಯವಿಟ್ಟು ಕತ್ತರಿಸಬೇಡಿ.

ಕೆಲಸವೆಲ್ಲ ಮುಗಿದ ಮೇಲೆ ಪುಣೆ ಕಡೆಯಿಂದ ಖಂಡಾಲಾ ಘಾಟ್ ಇಳಿಯುವುದೇ ನಿಜವಾದ ಪರೀಕ್ಷೆ. ಇಳಿಜಾರು ಶುರುವಾಗುವ ಮೊದಲೇ ಸೆಕೆಂಡ್ ಗೇರಿಗೆ ಬನ್ನಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಬಿಟ್ಟು, ಡ್ರಮ್ ಆರಲು ಬಿಡಿ. ಕಾದ ಡ್ರಮ್ ಹಿಗ್ಗುವುದರಿಂದ ಪೆಡಲ್ ಸ್ವಲ್ಪ ಕೆಳಗೆ ಹೋಗುವುದು ಸಹಜ. ಸ್ಪಂಜಿನ ಹಾಗೆ ಮೆತ್ತಗಾದರೆ ಮಾತ್ರ ಆಯಿಲ್ ಕುದಿಯುತ್ತಿದೆ, ಅಲ್ಲೇ ಪಕ್ಕಕ್ಕೆ ನಿಲ್ಲಿಸಿ. ಖೋಪೋಲಿಯಲ್ಲಿ ಚಹಾಕ್ಕೆ ಇಳಿದಾಗಲೂ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ಆರುವಾಗ ಡ್ರಮ್ ಕುಗ್ಗಿ ಲೈನರನ್ನು ಕಚ್ಚಿಕೊಳ್ಳಬಹುದು. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ.