ಮಾಘ 11ರ ಬೆಳಗ್ಗೆ

ಗುಡಿಗೆ ಹೋದರೆ ಕಣ್ಣು ಮೊದಲು ಗರ್ಭಗುಡಿ ಹುಡುಕುತ್ತದೆ, ಅಲ್ವಾ? ಕೋಲ್ಕತ್ತಾದ ಬಿಧಾನ್ ಸರಣಿಯಲ್ಲಿ ಸಾಧಾರಣ ಬ್ರಾಹ್ಮ ಸಮಾಜದ ಮಂದಿರಕ್ಕೆ ಕಾಲಿಟ್ಟಾಗ ನನಗೂ ಹಾಗೇ ಆಯಿತು. ಅವತ್ತು ಮಾಘೋತ್ಸವ. ಜನವರಿಯ ಚಳಿ. ಒಳಗೆ ವಿಗ್ರಹ ಇಲ್ಲ, ಆರತಿ ಇಲ್ಲ. ಸಾಲು ಬೆಂಚುಗಳು, ಎದುರಿಗೆ ಆಚಾರ್ಯರು ಕೂರುವ ವೇದಿ, ಒಂದಿಷ್ಟು ಹೂವು. ಕೈ ಮುಗಿದೆ. ಯಾವ ಕಡೆಗೆ ಅಂತ ತಿಳಿಯಲಿಲ್ಲ.

ವಿಗ್ರಹವಿಲ್ಲದೆ ಒಬ್ಬನೇ ದೇವರನ್ನು ಪ್ರಾರ್ಥಿಸುವ ಈ ಬ್ರಾಹ್ಮ ಸಮಾಜದ ಮೂಲ, 1828ರಲ್ಲಿ ರಾಮಮೋಹನ ರಾಯರು ಶುರು ಮಾಡಿದ ಸಭೆ. ಅದು ಮೊದಲು ಬಾಡಿಗೆ ಮನೆಯಲ್ಲಿ ಸೇರುತ್ತಿತ್ತು. ಚಿತ್ಪುರ ರಸ್ತೆಯಲ್ಲಿ ಸ್ವಂತ ಮನೆಯ ಬಾಗಿಲು ತೆರೆದದ್ದು 1830ರ ಜನವರಿ 23ರಂದು. ಬಂಗಾಳಿ ಲೆಕ್ಕದಲ್ಲಿ ಅದು ಮಾಘ 11. ಒಂದು ಗೃಹಪ್ರವೇಶದ ನೆನಪೇ ಇವರಿಗೆ ವರ್ಷದ ದೊಡ್ಡ ಹಬ್ಬ! ಆ ಮನೆಯ ಟ್ರಸ್ಟ್ ಪತ್ರದಲ್ಲಿ ಬರೆಸಿದ್ದರು: ಯಾರು ಬೇಕಾದರೂ ಬಂದು ಪ್ರಾರ್ಥಿಸಬಹುದು, ವಿಗ್ರಹ ಇಡಬಾರದು, ಪ್ರಾಣಿಬಲಿ ಕೂಡದು, ಬೇರೆಯವರು ಪೂಜಿಸುವುದನ್ನು ಹೀಯಾಳಿಸಬಾರದು. ಈ ಕೊನೆಯ ಮಾತು ನನಗೆ ತುಂಬಾ ಇಷ್ಟ. ಮನೆಯಲ್ಲಿ ದಿನಾ ವೆಂಕಟರಮಣನ ಪಟಕ್ಕೆ ಹೂವು ಏರಿಸುವ ನಾನು ಅಲ್ಲಿ ಹೊರಗಿನವಳಾಗಲಿಲ್ಲ. ನಮ್ಮ ಮಂಗಳೂರಿನಲ್ಲೂ 1870ರಲ್ಲೇ ಬ್ರಾಹ್ಮ ಸಮಾಜ ಇತ್ತು. ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರು ಆ ಸಮಾಜದವರೇ.

ಉಪಾಸನೆ ಶುರುವಾಯಿತು. ‘ಸತ್ಯಂ ಜ್ಞಾನಮನಂತಂ ಬ್ರಹ್ಮ’ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಬಂಗಾಳಿ ಬಾಯಲ್ಲಿ ‘ಸತ್ಯ’ ‘ಶೊತ್ತೊ’ ಆಗಿ ಕೇಳಿಸಿತು. ಆಮೇಲೆ ಹಾಡು. ಪಕ್ಕದ ಅಜ್ಜಿ ಹಾಡಿನ ಪುಸ್ತಕವನ್ನು ನನ್ನ ಕಡೆ ಸರಿಸಿದರು. ಓದಲು ಬರುವುದಿಲ್ಲ ಎಂದು ಸನ್ನೆ ಮಾಡಿದೆ. ಅವರು ಸುಮ್ನೆ ನಕ್ಕು, ಸಾಲಿನ ಕೆಳಗೆ ಬೆರಳು ಸರಿಸುತ್ತಾ ಹಾಡಿದರು. ನನಗೆ ಸಿಕ್ಕಿದ್ದು ‘ನಯನ’ ಅನ್ನುವ ಒಂದೇ ಪದ.

ಅದು ರವೀಂದ್ರನಾಥರು 1887ರ ಮಾಘೋತ್ಸವಕ್ಕೆಂದೇ ಬರೆದ ಹಾಡು. ಕಣ್ಣು ನಿನ್ನನ್ನು ಕಾಣದು, ಆದರೆ ಕಣ್ಣೊಳಗೇ ನೀನಿದ್ದೀಯೆ ಎಂಬ ಅರ್ಥ. ಮಗನ ಹಾಡುಗಳನ್ನು ಕೇಳಿ ತಂದೆ ದೇವೇಂದ್ರನಾಥರು ಹೇಳಿದರಂತೆ: ದೇಶದ ರಾಜನಿಗೆ ಈ ಭಾಷೆ ತಿಳಿದಿದ್ದರೆ ಕವಿಗೆ ಬಹುಮಾನ ಕೊಡುತ್ತಿದ್ದ, ಈಗ ಆ ಕೆಲಸ ನನ್ನದೇ. 500 ರೂಪಾಯಿಯ ಚೆಕ್ ಬರೆದುಕೊಟ್ಟರು.

ಬೆಳಗ್ಗೆಯಿಂದ ಅತ್ತಿತ್ತ ಹುಡುಕುತ್ತಿದ್ದ ನನ್ನ ಕಣ್ಣು ಆ ಹಾಡಿನಲ್ಲಿ ತಾನಾಗಿ ಮುಚ್ಚಿಕೊಂಡಿತು. ಎಷ್ಟು ಹೊತ್ತು ಹಾಗಿದ್ದೆನೋ. ಎಲ್ಲ ಮುಗಿದು ಏಳುವಾಗ ಅಭ್ಯಾಸ ನೋಡಿ, ತೀರ್ಥಕ್ಕೆಂದು ಬಲಗೈ ಮುಂದೆ ಚಾಚಿತ್ತು. ಅಜ್ಜಿ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.